ಗುರುವಾರದ ಬಿಟ್

ಕೈಯಲ್ಲೊಂದು ಸ್ಕ್ರೂ ಹಿಡಿದು ಅಂಗಡಿಗೆ ಬಂದವನು ಬಾಯಿ ತೆರೆಯುವ ಮೊದಲೇ, ಅದಕ್ಕೆ ಕೂರುವ ಬಿಟ್, ಸ್ಕ್ರೂ ತಿರುಗಿಸುವ ಯಂತ್ರಕ್ಕೆ ಸಿಕ್ಕಿಸುವ ಉಕ್ಕಿನ ಮೂತಿ, ಕೌಂಟರಿನ ಮೇಲೆ ಬಂದಿರುತ್ತಿತ್ತು. ಹಾಗೆ ತೆಗೆದಿಡುವವಳನ್ನು ಬೀದಿಯವರೆಲ್ಲ ಸ್ಕ್ರೂ ಅಕ್ಕ ಎನ್ನುತ್ತಿದ್ದರು. ಹೆತ್ತವರು ಇಟ್ಟ ಹೆಸರು ಚೆನ್ನಾಗಿಯೇ ಇತ್ತು. ಕರೆಯುವವರು ಒಬ್ಬೊಬ್ಬರಾಗಿ ಹೋದ ಮೇಲೆ ಅದು ಉಡದ ಸೀರೆಯ ಹಾಗೆ ಮಡಚಿಕೊಂಡು ಕೂತಿತ್ತು.

ಅಪ್ಪ ಹೋದ ಮೇಲೆ ಅಂಗಡಿ ತಮ್ಮನದಾಯಿತು. ಗೋಡೆ ತುಂಬ ಇದ್ದ ನೂರ ನಲವತ್ತು ಮರದ ಖಾನೆಗಳು ಮಾತ್ರ ಅವಳವಾಗಿಯೇ ಉಳಿದವು. ತಮ್ಮ ಗಲ್ಲಾ ಪೆಟ್ಟಿಗೆಯ ಮುಂದೆ ಕೂತು ಫೋನಿನಲ್ಲಿ ಬಣ್ಣ, ಸಿಮೆಂಟು, ಪೈಪು ಮಾರುತ್ತಿದ್ದ. ಅವಳು ಖಾನೆಗಳಿಗೆ ಬೆನ್ನು ಕೊಟ್ಟು ಕೂರುತ್ತಿದ್ದಳು. ಬೆಳಿಗ್ಗೆ ಹಿಂಬದಿಯ ಕಬ್ಬಿಣದ ಮೆಟ್ಟಿಲು ಇಳಿದರೆ ಅಂಗಡಿ, ಸಂಜೆ ಅದನ್ನೇ ಹತ್ತಿದರೆ ಅವಳ ಕೋಣೆ. ಇಪ್ಪತ್ತೇಳು ವರ್ಷ ಹಾಗೇ ಇಳಿದಿದ್ದಳು, ಹಾಗೇ ಹತ್ತಿದ್ದಳು.

ಸ್ಕ್ರೂಗಳ ಗುಣ ಹೇಳಿಕೊಟ್ಟವರು ಅಪ್ಪ. ಬೆಳಗಿನ ಹೊತ್ತು ಬಾಯಲ್ಲಿ ಯಾವುದೋ ಪದ್ಯದ ಸಾಲು, ಕೈಯಲ್ಲಿ ಸ್ಕ್ರೂ ಆರಿಸುವ ಕೆಲಸ. ಪದ್ಯ ನಿಂತರೆ ಪಾಠ ಶುರು. "ನೋಡು ಮಗಳೇ, ಈ ಒಂಟಿ ಗೀಟಿನದು ಮೈನಸ್ಸು. ಹಳೇ ಕಾಲದ ಮರ್ಯಾದಸ್ಥ. ನಿಧಾನಕ್ಕೆ ಕೈಯಲ್ಲಿ ತಿರುಗಿಸಿದ್ರೆ ಕೇಳ್ತಾನೆ, ಅವಸರ ಮಾಡಿದ್ರೆ ಪಕ್ಕಕ್ಕೆ ಜಾರಿ ಕೈ ಕುಯ್ತಾನೆ. ಇವನು ಪ್ಲಸ್ಸು. ಎಲ್ಲರ ಮನೇಲೂ ಇರ್ತಾನೆ, ಎಲ್ಲರ ಜೊತೆಗೂ ಹೊಂದ್ಕೋತಾನೆ, ಆದ್ರೆ ಜಾಸ್ತಿ ಒತ್ತಾಯ ಮಾಡಿದ್ರೆ ಕಳಚ್ಕೊಂಡುಬಿಡ್ತಾನೆ. ಈ ಆರು ಮೂಲೆ ನಕ್ಷತ್ರ ಇದಾನಲ್ಲ, ಹಿಡಿದ್ರೆ ಬಿಡಲ್ಲ, ಸಾಲ ಕೊಟ್ಟವನ ಥರ."

"ಇವನು?" ಎಂದು ಅವಳು ಇನ್ನೊಂದನ್ನು ಎತ್ತಿ ಹಿಡಿದಿದ್ದಳು. ಅದೂ ಪ್ಲಸ್ಸೇ. ಆದರೆ ನಾಲ್ಕು ತೋಳುಗಳ ನಡುವೆ ನಾಲ್ಕು ಕೂದಲೆಳೆ ಗೆರೆ.

"ಅವನು ಗೆರೆ ಪ್ಲಸ್ಸು. ಪ್ಲಸ್ಸಿನ ದಾಯಾದಿ. ಮುಖ ಒಂದೇ, ಹೊಟ್ಟೆ ಬೇರೆ. ಬರೀ ಪ್ಲಸ್ಸಿನ ಬಿಟ್ ಇವನಿಗೆ ಹಾಕಿದ್ರೆ ಕೂತ ಹಾಗೆ ಕಾಣುತ್ತೆ, ಕೂತಿರಲ್ಲ. ಅಲ್ಲಾಡುತ್ತೆ, ಜಾರುತ್ತೆ, ಸ್ಕ್ರೂವಿನ ತಲೇನೂ ತಿನ್ನುತ್ತೆ, ತಾನೂ ಸವೆಯುತ್ತೆ. ಇವೆರಡನ್ನ ಅದಲು ಬದಲು ಮಾಡಿ ಕೊಟ್ಯೋ, ಅದು ವ್ಯಾಪಾರ ಅಲ್ಲ ಮಗಳೇ, ನಂಬಿಕೆ ದ್ರೋಹ."

ಆ ಮಾತನ್ನು ಅವಳು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡ ಹಾಗೆ ಕಟ್ಟಿಕೊಂಡಿದ್ದಳು. ಈ ಕೌಂಟರಿನಿಂದ ತಪ್ಪು ಬಿಟ್ ಹೋಗಿಲ್ಲ ಎಂಬುದೊಂದೇ ಅವಳು ಒಳಗೊಳಗೆ ಹಮ್ಮು ಪಡುತ್ತಿದ್ದ ಸಂಗತಿ. ಅದನ್ನು ಕೇಳುವವರು ಯಾರೂ ಇರಲಿಲ್ಲ, ಅದು ಬೇರೆ ಮಾತು.

ಗುರುವಾರ ಹತ್ತು ಗಂಟೆಗೆ ಮೆಟ್ಟಿಲು ಮೇಸ್ತ್ರಿ ಬರುತ್ತಿದ್ದ. ಮರದ ಮೆಟ್ಟಿಲು ಕಟ್ಟುವುದೇ ಆತನ ಕಸುಬು; ಎರಡು ಬೀದಿಯಾಚೆ ಹೊಸ ವಾಚನಾಲಯಕ್ಕೆ ನೆಲದಿಂದ ಮೂರನೇ ಮಹಡಿಯವರೆಗೆ ಮೆಟ್ಟಿಲು ಹಾಕುತ್ತಿದ್ದ. ಅರವತ್ತರ ಹತ್ತಿರ ಹತ್ತಿರ ವಯಸ್ಸು, ಕಿವಿಯ ಹಿಂದೆ ಪೆನ್ಸಿಲ್ಲು, ಹುಬ್ಬಿನ ಮೇಲೆ ಮರದ ಹೊಟ್ಟು. ಹೆಂಡತಿ ತೀರಿಕೊಂಡು ಒಂಬತ್ತು ವರ್ಷವಾಯಿತು ಎಂದು ಒಮ್ಮೆ ಹೇಳಿದ್ದ, ಹೊರಗೆ ಬಿಸಿಲು ಜೋರು ಎನ್ನುವ ಧ್ವನಿಯಲ್ಲಿ. ಆತನ ಕೆಲಸಕ್ಕೆ ಬೇಕಾದ ಉದ್ದನೆಯ, ಹಳದಿ ಲೇಪದ ಸ್ಕ್ರೂ ಬೇರೆ ಯಾರಿಗೂ ಬೇಕಿರಲಿಲ್ಲ, ಆತನಿಗೆಂದೇ ತರಿಸುತ್ತಿದ್ದರು. ಏಳು ತಿಂಗಳ ಹಿಂದೆ ಮೊದಲ ಪೆಟ್ಟಿಗೆ ಬಂದಾಗ ಅವಳೇ ಬಿಚ್ಚಿ, ಒಂದನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, ಪ್ಲಸ್ ಬಿಟ್ ತೆಗೆದುಕೊಟ್ಟಿದ್ದಳು. ಮರುವಾರ ಆತ ಸವೆದ ಬಿಟ್ ತಂದಿಟ್ಟ. ಅದರ ಮರುವಾರವೂ. ಆಮೇಲೆ ಅದೇ ರೂಢಿಯಾಯಿತು.

"ಏನ್ರೀ, ಇದೂ ಹೋಯ್ತು."

ಎಲ್ಲರೂ ಅಕ್ಕ ಎನ್ನುವಾಗ ಆತನೊಬ್ಬ ಏನ್ರೀ ಎನ್ನುತ್ತಿದ್ದ.

"ಕೊಡಿ ನೋಡೋಣ. ಒಂದು ವಾರಾನೂ ಬಾಳಲಿಲ್ವಾ? ಸ್ಕ್ರೂ ತಿರುಗಿಸ್ತೀರೋ, ಬಂಡೆ ಒಡೀತೀರೋ?"

"ಮರ ಗಟ್ಟಿ ಕಣ್ರೀ."

"ಮರ ಗಟ್ಟೀನೋ, ಕೈ ಒರಟೋ?"

"ಕೈ ಒರಟಾದ್ರೆ ಮೆಟ್ಟಿಲು ಕಿರುಗುಟ್ಟುತ್ತೆ. ನನ್ನ ಮೆಟ್ಟಿಲು ಬಂದು ಹತ್ತಿ ನೋಡಿ ಒಂದ್ಸಲ. ಬೆಕ್ಕು ನಡೆದ ಹಾಗಿರುತ್ತೆ."

"ನಾನು ಹತ್ತೋ ಮೆಟ್ಟಿಲು ಕಬ್ಬಿಣದ್ದು ಮೇಸ್ತ್ರಿಗಳೇ. ಎಮ್ಮೆ ನಡೆದ ಹಾಗಿರುತ್ತೆ."

ಆತ ನಗುತ್ತಿದ್ದ. ತಮ್ಮ ಫೋನಿನಿಂದ ತಲೆಯೆತ್ತಿ, "ಅಕ್ಕಾ, ನಿನ್ನ ಗಿರಾಕಿಗೆ ಒಂದು ಡಬ್ಬ ಪೂರ್ತಿ ಕೊಟ್ಟು ಕಳಿಸೇ, ಪಾಪ, ವಾರ ವಾರ ಅಲೀತಾರೆ," ಎಂದರೆ ಇಬ್ಬರೂ ಒಟ್ಟಿಗೆ, "ಬೇಡ ಬೇಡ, ಒಂದು ಸಾಕು," ಎನ್ನುತ್ತಿದ್ದರು. ಆಮೇಲೆ ಚಹಾ ಬರುತ್ತಿತ್ತು. ಆತ ಒಂದು ಲೋಟ, ಅವಳು ಒಂದು ಲೋಟ. ಮೈನಸ್ ಸ್ಕ್ರೂ ಹಾಕಿದ ಮೇಲೆ ಗೀಟೆಲ್ಲ ಒಂದೇ ದಿಕ್ಕಿಗೆ ನಿಲ್ಲಿಸುವುದು ಶೋಕಿಯೋ ಶಿಸ್ತೋ, ನಕ್ಷತ್ರದ ಸ್ಕ್ರೂ ಬಂದ ಮೇಲೆ ಮಣಿಕಟ್ಟಿನ ನೋವು ಹೋಯಿತೋ ಕೆಲಸದ ರುಚಿ ಹೋಯಿತೋ — ಇಂಥವೇ ಮಾತು. ಹತ್ತೂವರೆಗೆ ಆತ ಎದ್ದು ಹೋಗುತ್ತಿದ್ದ. ಸವೆದ ಬಿಟ್ಟನ್ನು ಅವಳು ಒಂದು ತಗಡಿನ ಡಬ್ಬಿಗೆ ಹಾಕುತ್ತಿದ್ದಳು. ಯಾಕೆ ಎತ್ತಿಡುತ್ತೀ ಎಂದು ಯಾರೂ ಕೇಳಲಿಲ್ಲ.

ಆ ಅರ್ಧ ಗಂಟೆಯೇ ವಾರದ ನಡುಗಂಬ. ಸೋಮವಾರ, ಮಂಗಳವಾರ ಅದರ ಕಡೆಗೆ ವಾಲುತ್ತಿದ್ದವು. ಶುಕ್ರವಾರ, ಶನಿವಾರ ಅದಕ್ಕೆ ಒರಗಿಕೊಂಡು ಕಳೆಯುತ್ತಿದ್ದವು. ಭಾನುವಾರ ಅಂಗಡಿ ರಜ. ಶನಿವಾರ ರಾತ್ರಿಯ ಬಳಿಕ ಅವಳ ಗಂಟಲಿನಿಂದ ಹೊರಟ ಮೊದಲ ಮಾತು ಎಷ್ಟೋ ಸಲ ಸೋಮವಾರ ಬೆಳಿಗ್ಗೆಯದಾಗಿರುತ್ತಿತ್ತು.

ಕಣ್ಣಿಗೆ ಪೊರೆ ಬಂದದ್ದು ಅವಳಿಗೆ ತಿಳಿದದ್ದು ತಡವಾಗಿ. ದೀಪಕ್ಕೆ ಧೂಳು ಹಿಡಿದಿದೆ ಎಂದುಕೊಂಡು ಎರಡು ಸಲ ಅಂಗಡಿಯ ಟ್ಯೂಬ್‌ಲೈಟು ಒರೆಸಿದಳು. ಆಸ್ಪತ್ರೆಯಲ್ಲಿ ನರ್ಸು ಕಾಗದ ಹಿಡಿದು, "ಜೊತೆಗೆ ಯಾರು ಬಂದಿದಾರೆ?" ಎಂದಾಗ, ತನ್ನನ್ನು ಬಾಗಿಲಲ್ಲಿ ಬಿಟ್ಟು ಅಂಗಡಿಗೆ ಹೋದ ತಮ್ಮನ ಹೆಸರು ಬರೆಸಿದಳು. ನರ್ಸು ಅತ್ತಿತ್ತ ನೋಡಿ ಕಾಗದ ಮಡಚಿದಳು. ಆಪರೇಷನ್ ಆದ ಮೇಲೆ ಹತ್ತು ದಿನ ಕೋಣೆಯಲ್ಲಿದ್ದಳು. ನಡುವೆ ಬಂದ ಗುರುವಾರ, ಕೆಳಗಿನಿಂದ ಆತನ ಧ್ವನಿ, "ಇಲ್ವಾ?" ಎಂದದ್ದು ಕೇಳಿಸಿತು. ತಮ್ಮ ಏನೋ ಹೇಳಿದ. ಆಮೇಲೆ ಹೆಜ್ಜೆ. ಅವತ್ತು ಆತ ಬಿಟ್ ತೆಗೆದುಕೊಳ್ಳದೆ ಹೋಗಿದ್ದ.

ಹನ್ನೊಂದನೆಯ ದಿನ ಅವಳು ಕೆಳಗಿಳಿದು ಖಾನೆಗಳ ಮುಂದೆ ನಿಂತಳು. ದೇವರೇ, ಎಷ್ಟು ಚೂಪಾಗಿತ್ತು ಲೋಕ! ಪ್ರತಿ ಸ್ಕ್ರೂವಿನ ಎಳೆ ಎಣಿಸಬಹುದಿತ್ತು. ಮಕ್ಕಳು ಹೊಸ ಬಟ್ಟೆ ಮುಟ್ಟಿ ಮುಟ್ಟಿ ನೋಡುವ ಹಾಗೆ ಒಂದೊಂದೇ ಖಾನೆ ಎಳೆದು ನೋಡುತ್ತ ಬಂದಳು. ಮೇಸ್ತ್ರಿಯ ಹಳದಿ ಸ್ಕ್ರೂಗಳ ಖಾನೆಗೆ ಬಂದಳು. ಒಂದನ್ನೆತ್ತಿದಳು.

ನಾಲ್ಕು ತೋಳು. ತೋಳುಗಳ ನಡುವೆ ನಾಲ್ಕು ಕೂದಲೆಳೆ ಗೆರೆ.

ಇನ್ನೊಂದು ಎತ್ತಿದಳು. ಮತ್ತೊಂದು. ಪೆಟ್ಟಿಗೆಯನ್ನೇ ಸುರಿದಳು. ಎಲ್ಲವೂ ಗೆರೆ ಪ್ಲಸ್ಸೇ.

ಸ್ಟೂಲಿನ ಮೇಲೆ ಕೂತಳು. ತಗಡಿನ ಡಬ್ಬಿ ತೆರೆದಳು. ಮೂವತ್ತೊಂದು ಬಿಟ್, ಮೂವತ್ತೊಂದರ ಮೂಗೂ ಮೊಂಡು. ಮರ ಗಟ್ಟಿಯಲ್ಲ, ಕೈ ಒರಟಲ್ಲ. ಏಳು ತಿಂಗಳು, ವಾರಕ್ಕೊಂದರಂತೆ, ಅವಳೇ ತನ್ನ ಕೈಯಾರೆ ತಪ್ಪು ಬಿಟ್ ಕೊಟ್ಟಿದ್ದಳು. ಒಳ್ಳೆಯ ಮನುಷ್ಯ, ಮರದ ಮೇಲೆ ಹೊರಿಸಿ ಸುಮ್ಮನಿದ್ದ. ಎಷ್ಟು ಸ್ಕ್ರೂವಿನ ತಲೆ ತಿಂದಿರಬೇಕು, ಎಷ್ಟು ಸಲ ಕೈ ಜಾರಿರಬೇಕು!

ಎದುರಿಗೆ ಎರಡು ಖಾನೆ. ಒಂದರಲ್ಲಿ ಪ್ಲಸ್ ಬಿಟ್, ಇನ್ನೊಂದರಲ್ಲಿ ಗೆರೆ ಪ್ಲಸ್. ಸರಿಯಾದ್ದನ್ನು ಕೊಟ್ಟರೆ ಅದು ತಿಂಗಳುಗಟ್ಟಲೆ ಬಾಳುತ್ತದೆ. ಬಾಳಿದರೆ ಆತ ಬರಬೇಕಾದ್ದಿಲ್ಲ. ಬುಧವಾರವೆಲ್ಲ ಅವಳು ಇದನ್ನೇ ತಿರುವಿ ತಿರುವಿ ನೋಡಿದಳು. ಹೇಳದಿದ್ದರೆ ಯಾರಿಗೆ ಗೊತ್ತಾಗುತ್ತದೆ? ಯಾರಿಗೂ ಇಲ್ಲ. ಆದರೆ ಅಪ್ಪನ ಮಾತು ಪದ್ಯದ ಪಲ್ಲವಿಯ ಹಾಗೆ ಮತ್ತೆ ಮತ್ತೆ ಸುತ್ತಿ ಬರುತ್ತಿತ್ತು: ಅದು ವ್ಯಾಪಾರ ಅಲ್ಲ ಮಗಳೇ.

ಗುರುವಾರ ಆತ ಬಂದ. ಕಟ್ಟು ಬಿಚ್ಚಿದ ಕಣ್ಣನ್ನು ನೋಡಿ ಮುಖ ಅರಳಿಸಿದ. "ಏನ್ರೀ, ಬಂದ್ರಾ! ಕಣ್ಣು ಹೇಗಿದೆ?"

"ಚೆನ್ನಾಗಿದೆ. ಎಲ್ಲಾ ಕಾಣ್ತು ಮೇಸ್ತ್ರಿಗಳೇ," ಎಂದಳು ಅವಳು, ತಲೆ ತಗ್ಗಿಸಿ. ಗೆರೆ ಪ್ಲಸ್ ಬಿಟ್ಟನ್ನು ಆತನ ಮುಂದಿಟ್ಟಳು. "ನಿಮ್ಮ ಸ್ಕ್ರೂಗೆ ಇದು. ಇಷ್ಟು ದಿನ ಕೊಟ್ಟಿದ್ದು ಅಲ್ಲ."

ಆತನ ಕೈ ಜೇಬಿನಲ್ಲಿತ್ತು. ಎಂದಿನಂತೆ ಸವೆದದ್ದನ್ನು ತೆಗೆಯಲು ಹೋದದ್ದು ಅಲ್ಲೇ ನಿಂತಿತು. ಕಿವಿಯವರೆಗೆ ಕೆಂಪಾದ.

"ಯಾವಾಗ ಗೊತ್ತಾಯ್ತು?"

"ನಿನ್ನೆ ಮೊನ್ನೆ. ಆ ಸವೆದಿದ್ದನ್ನೆಲ್ಲ ನೋಡಿದೆ. ನಾಚಿಕೆ ಆಯ್ತು."

"ನಾಚಿಕೆ ನನಗಾಗಬೇಕು ಬಿಡಿ," ಎಂದ ಆತ ಮೆಲ್ಲಗೆ.

ಒಳ್ಳೆಯತನಕ್ಕೆ ಹಾಗನ್ನುತ್ತಾನೆ ಎಂದು ಅವಳು ತಿಳಿದಳು. "ಇದು ವರ್ಷ ಬಾಳುತ್ತೆ. ಇನ್ನು ನೀವು ವಾರ ವಾರ ಬರೋ ಕಷ್ಟ ಇಲ್ಲ."

"ಕಷ್ಟ," ಎಂದ ಆತ, ಹಲ್ಲಿಗೆ ಸಿಕ್ಕ ಕಲ್ಲನ್ನು ನೋಡುವವನ ಹಾಗೆ. ಜೇಬಿನಲ್ಲಿದ್ದ ಸವೆದ ಬಿಟ್ಟನ್ನು ಕೌಂಟರಿನ ಮೇಲಿಟ್ಟ, ಹೊಸದನ್ನು ಎತ್ತಿಕೊಂಡ. ಚಹಾ ಬರುವ ಮೊದಲೇ ಹೊರಟ. ಬಂದ ಎರಡು ಲೋಟದಲ್ಲಿ ಒಂದನ್ನು ತಮ್ಮ ಕುಡಿದ.

ಮುಂದಿನ ಗುರುವಾರ ಹತ್ತಾಯಿತು, ಹತ್ತೂವರೆಯಾಯಿತು. ಬರುವುದಿಲ್ಲವೆಂದು ಗೊತ್ತಿದ್ದೂ ಅವಳು ಬಾಗಿಲ ಕಡೆಯ ಸ್ಟೂಲಿನಲ್ಲಿ ಕೂತಿದ್ದಳು. ಅದರ ಮುಂದಿನ ವಾರ ಚಹಾದವನು ಅಭ್ಯಾಸಬಲದಿಂದ ಎರಡು ಲೋಟ ತಂದು ತುಟಿ ಕಚ್ಚಿಕೊಂಡ. ಮೂರನೆಯ ವಾರ ಒಂದೇ ತಂದ. ಅದನ್ನು ನೋಡಿ ಅವಳಿಗೆ, ಆತ ಬಾರದ್ದಕ್ಕಿಂತ ಹೆಚ್ಚು ಸಂಕಟವಾಯಿತು.

"ಏನಕ್ಕಾ, ಕಣ್ಣು ಸರಿ ಹೋದ್ಮೇಲೆ ಮುಖ ಸಪ್ಪಗಾಯ್ತು?" ಎಂದ ತಮ್ಮ.

"ಎಲ್ಲಾ ಸರಿಯಾಗಿ ಕಾಣ್ತಿದೆ, ಅದಕ್ಕೆ," ಎಂದಳು.

ಶನಿವಾರ ಅವಳಿಗೊಂದು ಯೋಚನೆ ಹೊಳೆಯಿತು. ಏಳು ತಿಂಗಳ ತಪ್ಪು ಬಿಟ್ ಎಂದರೆ, ಆ ಮೆಟ್ಟಿಲುಗಳ ಸ್ಕ್ರೂಗಳ ತಲೆಯೆಲ್ಲ ಕಿತ್ತುಹೋಗಿರಬೇಕು. ನಾಳೆ ಯಾರಾದರೂ ಒಂದು ಹಲಗೆ ಬಿಚ್ಚಬೇಕೆಂದರೆ ಬಿಚ್ಚಲಾಗದು. ತಪ್ಪು ಮಾಡಿದವಳು ತಾನು. ಹೋಗಿ ನೋಡಿ, ಹಾಳಾದಷ್ಟಕ್ಕೆ ಹೊಸ ಸ್ಕ್ರೂ ಕೊಟ್ಟು ಬರುವುದು ಧರ್ಮ. ಹೀಗೆ ಧರ್ಮವನ್ನು ಮುಂದಿಟ್ಟುಕೊಂಡು, ಒಂದು ಪೆಟ್ಟಿಗೆ ಸ್ಕ್ರೂ ಚೀಲಕ್ಕೆ ಹಾಕಿ, ಅಂಗಡಿಯ ಹೊತ್ತಿನಲ್ಲಿ ಹೊರಗೆ ಕಾಲಿಟ್ಟಳು.

ವಾಚನಾಲಯಕ್ಕೆ ಇನ್ನೂ ಪುಸ್ತಕ ಬಂದಿರಲಿಲ್ಲ. ಖಾಲಿ ಕಪಾಟು, ಹೊಸ ಬಣ್ಣದ ವಾಸನೆ, ಕಿಟಕಿಯಿಂದ ಬಿದ್ದ ಬೆಳಕಿನಲ್ಲಿ ಧೂಳು. ಬಾಗಿಲಲ್ಲಿ ಕಾವಲುಗಾರ, ಮಾತಿಗೆ ಹಸಿದವನು, ಕುರ್ಚಿಯಿಂದ ಎದ್ದ.

"ಮೇಸ್ತ್ರಿ ಇಲ್ಲಮ್ಮಾ. ಕೆಲಸ ಹೋದವಾರಾನೇ ಮುಗೀತು. ಸೋಮವಾರ ಒಂದೇ ಒಂದು ದಿನ ಬರ್ತಾರೆ, ಮೇಲಿನ ಕೈಹಿಡಿ ಕಂಬದ ತುದಿಗೆ ಮರದ ಟೋಪಿ ಕೂರಿಸೋಕೆ. ನೀವು ಅವರ ಕಡೆಯವರಾ?"

ಕಡೆಯವರು. ಅವಳು ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿ, "ಸ್ಕ್ರೂ ಅಂಗಡಿಯವಳು," ಎಂದಳು. "ಮೆಟ್ಟಿಲು ನೋಡಬೇಕಿತ್ತು."

ಮೊದಲ ಮೆಟ್ಟಿಲಿನ ಮುಂದೆ ಮೊಣಕಾಲೂರಿದಳು. ಹಲಗೆಯ ಅಂಚಿನಲ್ಲಿ ಸ್ಕ್ರೂವಿನ ತಲೆ, ಮರದ ಮೈಗೆ ಸಮನಾಗಿ ಕೂತಿತ್ತು. ಹೊಸ ಕಣ್ಣನ್ನು ಹತ್ತಿರ ತಂದಳು. ನಾಲ್ಕು ತೋಳೂ ಚೂಪು. ನಡುವಿನ ನಾಲ್ಕು ಗೆರೆಯೂ ಹಾಗೇ ಇವೆ. ಒಂದು ಗೀರಿಲ್ಲ, ಒಂದು ಕಚ್ಚಿಲ್ಲ. ಪಕ್ಕದ್ದೂ ಹಾಗೇ. ಎರಡನೆಯ ಮೆಟ್ಟಿಲು, ಮೂರನೆಯದು. ಕೂತು ಏಳುತ್ತ, ಎದ್ದು ಕೂರುತ್ತ ಒಂದು ಮಹಡಿ ಪೂರ್ತಿ ಹತ್ತಿದಳು. ಇವು ತಪ್ಪು ಬಿಟ್ ತಿಂದ ಸ್ಕ್ರೂಗಳಲ್ಲ. ಮೊದಲ ಮೆಟ್ಟಿಲಿನಿಂದಲೇ, ಮೊದಲ ವಾರದಿಂದಲೇ, ಸರಿಯಾದ ಬಿಟ್ ಈ ಕೆಲಸ ಮಾಡಿದೆ. ಅವಳ ಅಂಗಡಿಯಿಂದ ಅದು ಬಂದಿರಲಿಲ್ಲ. ಆತನ ಪೆಟ್ಟಿಗೆಯಲ್ಲಿ ಮೊದಲೇ ಇತ್ತು.

ಹಾಗಾದರೆ ಆ ಮೂವತ್ತೊಂದು?

ಆತ ಕೊನೆಯ ದಿನ ಕೌಂಟರಿನ ಮೇಲಿಟ್ಟು ಹೋದದ್ದು ಅವಳ ಕೈಚೀಲದಲ್ಲಿತ್ತು. ಡಬ್ಬಿಗೆ ಹಾಕಲು ಮನಸ್ಸಾಗಿರಲಿಲ್ಲ. ತೆಗೆದು ಬೆಳಕಿಗೆ ಹಿಡಿದಳು. ಅವತ್ತು ತನ್ನ ತಪ್ಪನ್ನೇ ಹುಡುಕಿದ ಕಣ್ಣಿಗೆ ತಪ್ಪು ಮಾತ್ರ ಕಂಡಿತ್ತು. ಸ್ಕ್ರೂವಿನಲ್ಲಿ ಜಾರಿ ಸವೆದ ಬಿಟ್ಟಿನ ಅಂಚು ಹಲ್ಲು ಮುರಿದ ಹಾಗೆ ಒಡ್ಡೊಡ್ಡಾಗಿರುತ್ತದೆ. ಇದು ನುಣುಪು. ಸಣ್ಣ ಸಣ್ಣ ಗೆರೆಗಳೆಲ್ಲ ಒಂದೇ ದಿಕ್ಕಿಗೆ ಬಿದ್ದಿವೆ, ತೀಡಿದ ಚಾಕುವಿನ ಮೇಲೆ ಬಿದ್ದ ಹಾಗೆ.

"ಇಲ್ಲಿ ಸಾಣೆ ಚಕ್ರ ಏನಾದ್ರೂ ಇತ್ತಾ?" ಎಂದು ಮೇಲಿನಿಂದಲೇ ಕೇಳಿದಳು. ಅವಳ ಧ್ವನಿ ಖಾಲಿ ಕೋಣೆಗಳಲ್ಲಿ ಸುತ್ತಿ ಬಂತು.

"ಇತ್ತಲ್ಲ! ಮೇಸ್ತ್ರೀದೇ. ಬುಧವಾರ ಬುಧವಾರ ಸಾಯಂಕಾಲ ಅದರ ಮುಂದೆ ಕೂತು ಏನೋ ಚೂರು ಸಾಮಾನು ಉಜ್ಜೋರು. ಏನ್ ಮೇಸ್ತ್ರಿ ಅದು ಅಂದ್ರೆ, ನಾಳೆ ಕೆಲಸಕ್ಕೆ ತಯಾರಿ ಕಣಯ್ಯಾ ಅನ್ನೋರು." ಕಾವಲುಗಾರ ಮೆಟ್ಟಿಲ ಬುಡಕ್ಕೆ ಬಂದು ತಲೆಯೆತ್ತಿದ. "ಒಂದಿನ ಮಾತ್ರ ಎಲ್ಲಿಗೋ ಹೋಗಿ ಬಂದೋರು ಊಟಾನೇ ಮಾಡ್ಲಿಲ್ಲ. ಏನಾಯ್ತು ಅಂದ್ರೆ, 'ಸಿಕ್ಕಿಬಿದ್ದೆ ಮಾರಾಯ, ಬರೋದು ಬೇಡ ಅಂದ್ಬಿಟ್ರು' ಅಂದ್ರು. ಯಾರಂದ್ರು, ಏನಂದ್ರು, ಹೇಳ್ಲಿಲ್ಲ. ಅವತ್ತೇ ಚಕ್ರಾನೂ ಮನೆಗೆ ಹೊತ್ಕೊಂಡು ಹೋದ್ರು."

ಅವಳು ಅಲ್ಲೇ ಮೆಟ್ಟಿಲ ಮೇಲೆ ಕೂತಳು. ಅಂದರೆ ಮೊದಲ ದಿನವೇ ಆತನಿಗೆ ಗೊತ್ತಾಗಿತ್ತು. ಅಲ್ಲೇ ಹೇಳಹೊರಟಿರಬೇಕು. ಕೌಂಟರಿನ ಹಿಂದೆ ಸ್ಕ್ರೂವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡುತ್ತಿದ್ದ ಹೆಂಗಸನ್ನು ಕಂಡು, ಬಾಯಿಗೆ ಬಂದ ಮಾತು ನುಂಗಿರಬೇಕು. ಆಮೇಲೆ ಅದೇ ನೆವವಾಯಿತು. ಅವಳು "ಎಲ್ಲಾ ಕಾಣ್ತು" ಎಂದಳು. ಆತ ತನ್ನ ನೆವ ಕಂಡಿತೆಂದುಕೊಂಡ. ಅವಳು "ಬರೋ ಕಷ್ಟ ಇಲ್ಲ" ಎಂದಳು. ಆತ ಬಾಗಿಲು ಮುಚ್ಚಿತೆಂದುಕೊಂಡ. ಅಯ್ಯೋ ದೇವರೇ, ಇಬ್ಬರೂ ಎಷ್ಟು ಮರ್ಯಾದೆಯಿಂದ ಒಬ್ಬರನ್ನೊಬ್ಬರು ಕಳೆದುಕೊಂಡಿದ್ದರು!

ಎದ್ದು ಇಳಿದಳು. ಇಪ್ಪತ್ತೆರಡು ಮೆಟ್ಟಿಲು, ಒಂದೂ ಸದ್ದು ಮಾಡಲಿಲ್ಲ. ಹೇಳಿದ್ದು ನಿಜ, ಬೆಕ್ಕು ನಡೆದ ಹಾಗೆಯೇ ಇತ್ತು.

"ಸೋಮವಾರ ಎಷ್ಟು ಹೊತ್ತಿಗೆ ಬರ್ತಾರೆ?"

"ಬೆಳಿಗ್ಗೇನೇ. ಮಧ್ಯಾಹ್ನಕ್ಕೆ ಹೋಗ್ಬಿಡ್ತಾರೆ. ಆಮೇಲೆ ಎಲ್ಲಿ ಕೆಲಸಾನೋ, ಯಾವ ಮೂಲೇನೋ, ಯಾರಿಗ್ಗೊತ್ತು."

"ನೀವು ಇಲ್ಲೇ ಇರಿ. ಈಗ ಬಂದೆ," ಎಂದು ಅವಳು ಹೊರಟಳು. ಕಾವಲುಗಾರನಿಗೆ ಹೋಗಲು ಬೇರೆ ಜಾಗವೇನೂ ಇರಲಿಲ್ಲ.

ಅಂಗಡಿಗೆ ಬಂದು ಖಾನೆಗಳ ಮುಂದೆ ನಿಂತಳು. ಎರಡು ಖಾನೆ, ಅಕ್ಕಪಕ್ಕ, ದಾಯಾದಿಗಳ ಮನೆಯ ಹಾಗೆ. ಬಲಗಡೆಯದರಲ್ಲಿ ಗೆರೆ ಪ್ಲಸ್. ಅವಳ ಕೈ ಎಡಗಡೆಯದಕ್ಕೆ ಹೋಯಿತು, ಅಲ್ಲೇ ನಿಂತಿತು. ಕುರುಡಿನಿಂದ ಕೊಟ್ಟದ್ದನ್ನು ದೇವರು ಮನ್ನಿಸಬಹುದು. ಕಣ್ಣು ಬಿಟ್ಟುಕೊಂಡು ಕೊಡುವುದಕ್ಕೆ ಅಪ್ಪ ಏನನ್ನುತ್ತಿದ್ದರೋ.

ತಮ್ಮ ಕುರ್ಚಿಯಿಂದ ಕತ್ತು ಚಾಚಿದ. "ಯಾರಿಗಕ್ಕಾ?"

"ಮೇಸ್ತ್ರಿಗೆ."

"ಅವರ ಸ್ಕ್ರೂಗೆ ಆ ಇನ್ನೊಂದು ಅಲ್ವಾ? ನೀನೇ ಅವತ್ತು ಅವರಿಗೆ ಹೇಳ್ತಿದ್ದೆ."

"ಹೌದು."

"ಮತ್ತೆ ಇದು ತಪ್ಪಲ್ವಾ?"

"ತಪ್ಪೇ," ಎಂದಳು. ಎಡಗಡೆಯ ಖಾನೆಯಿಂದ ಒಂದು ಪ್ಲಸ್ ಬಿಟ್ ಎತ್ತಿಕೊಂಡಳು. ಒಂದೇ ಒಂದು. ಕಾಗದದಲ್ಲಿ ಸುತ್ತಿದಳು. ಇಪ್ಪತ್ತೇಳು ವರ್ಷದಲ್ಲಿ ತಿಳಿದೂ ತಿಳಿದೂ ಕೊಡುತ್ತಿದ್ದ ಮೊದಲ ತಪ್ಪು ಬಿಟ್ ಅದು. ತಮ್ಮ ಅವಳ ಮುಖವನ್ನೇ ನೋಡಿದ. ನೋಡಿ, ಎಂದಿಲ್ಲದ ಹಾಗೆ ಫೋನು ಕೆಳಗಿಟ್ಟ.

ಕಾವಲುಗಾರ ಪೊಟ್ಟಣ ತೆಗೆದುಕೊಂಡು ಅಂಗೈಯಲ್ಲಿ ತೂಗಿದ. "ಏನಂತ ಹೇಳ್ಲಿ?"

"ಸ್ಕ್ರೂ ಅಂಗಡಿಯವರು ಕೊಟ್ರು ಅನ್ನಿ." ಎರಡು ಹೆಜ್ಜೆ ಹೋಗಿ ತಿರುಗಿದಳು. "ಇದು ಸವೆದ ಮೇಲೆ ಬರಬೇಕಂತೆ ಅನ್ನಿ."

"ಸವೆದ ಮೇಲೆ?"

"ಹೌದು. ಸವೆದದ್ದನ್ನ ತಗೊಂಡು."

"ಆಯ್ತಮ್ಮ," ಎಂದ ಆತ, ಏನೂ ಅರ್ಥವಾಗದೆ, ಆದರೆ ಒಂದಕ್ಷರ ತಪ್ಪಬಾರದೆಂದು ತುಟಿಯಲ್ಲೇ ಒಮ್ಮೆ ಉರುಹೊಡೆಯುತ್ತ.

ಅವಳು ಹಿಂದಿರುಗಿ ನಡೆದಳು. ಇವತ್ತು ಶನಿವಾರ. ನಾಳೆ ಭಾನುವಾರ, ಮಾತಿಲ್ಲದ ದಿನ. ಸೋಮವಾರ ಅದು ಮೇಸ್ತ್ರಿಯ ಕೈ ಸೇರುತ್ತದೆ. ಕಾವಲುಗಾರ ಮರೆಯದಿದ್ದರೆ, ಆತ ಬಂದರೆ. ಅಂಗಡಿ ಮುಚ್ಚಿದ ಮೇಲೆ ಕಬ್ಬಿಣದ ಮೆಟ್ಟಿಲು ಅವಳ ಹೆಜ್ಜೆಗೆ ಎಂದಿನಂತೆ ಗುಡುಗುಡು ಎಂದಿತು. ಕೋಣೆಯ ದೀಪ ಹಾಕಿ, ಹಾಸಿಗೆಯ ಅಂಚಿನಲ್ಲಿ ಕೂತು ಅವಳು ಲೆಕ್ಕ ಹಾಕಿದಳು. ಹೊಸ ಪ್ಲಸ್ ಬಿಟ್, ಗಟ್ಟಿ ಮರ, ಗೆರೆ ಸ್ಕ್ರೂ. ಬರೀ ಕೆಲಸದಲ್ಲಿ ಸವೆಯಬೇಕೆಂದರೆ ಒಂದು ವಾರ ಬೇಕು.

ಸಾಣೆ ಚಕ್ರದಲ್ಲಾದರೆ ಎರಡು ನಿಮಿಷ.